ಗ್ರಾಮರ್ ಸ್ಕೂಲ್ ಅಂದ್ರ ವ್ಯಾಕರಣದ ಸಾಲಿ ಅಲ್ಲ

ಅನುವಾದಕ್ಕೆ ಕೈಹಾಕಿದ ಹೊಸತರಲ್ಲಿ ಇಂಗ್ಲಿಷಿನ ‘ಗ್ರಾಮರ್ ಸ್ಕೂಲ್’ಗೆ ನಾನೂ ‘ವ್ಯಾಕರಣ ಶಾಲೆ’ ಅಂತಲೇ ಬರೆದವಳು. ಕರಡು ತಿದ್ದಿದ ಹಿರಿಯರು, “ಯಾಕವಾ, ಆ ಹುಡುಗ ಬರೇ ಸಂಧಿ-ಸಮಾಸ ಕಲ್ತು ಮನಿಗೆ ಬಂದ್ನೇನು?” ಅಂದರು. ಈಗ ಸಪ್ತಾಪುರದ ನಮ್ಮ ಮನೆಗೆ ಅನುವಾದ ಕಲಿಯಲು ಬರುವವರಿಗೆ ನನ್ನ ಮೊದಲ ಪ್ರಶ್ನೆ: ಯಾವ ದೇಶ, ಯಾವ ಕಾಲ?

16ನೇ ಶತಮಾನದ ಇಂಗ್ಲೆಂಡ್ ಆದರೆ ‘ಲ್ಯಾಟಿನ್ ಶಾಲೆ’ ಅಂತ ಬರೆಯಿರಿ. ಅಲ್ಲಿ ಮಕ್ಕಳು ಉರು ಹೊಡೆಯುತ್ತಿದ್ದುದು ಲ್ಯಾಟಿನ್ ವ್ಯಾಕರಣವನ್ನೇ. ಹೆಸರು ಬಂದದ್ದೂ ಅದರಿಂದ.

1944ರ ಶಿಕ್ಷಣ ಕಾಯ್ದೆಯ ನಂತರದ ಇಂಗ್ಲೆಂಡಿನಲ್ಲೇ ತೊಡಕು ಹೆಚ್ಚು. ಹನ್ನೊಂದರ ಆಸುಪಾಸಿನ ಮಕ್ಕಳು ‘ಇಲೆವೆನ್ ಪ್ಲಸ್’ ಪರೀಕ್ಷೆಗೆ ಕೂರುತ್ತಿದ್ದರು. ಪಾಸಾದವರು ಗ್ರಾಮರ್ ಸ್ಕೂಲಿಗೆ, ಉಳಿದವರಲ್ಲಿ ಬಹಳಷ್ಟು ಮಂದಿ ‘ಸೆಕೆಂಡರಿ ಮಾಡರ್ನ್’ ಎಂಬ ಸಾಧಾರಣ ಪ್ರೌಢಶಾಲೆಗೆ. ಇಲ್ಲಿ ಹೆಸರನ್ನು ಹಾಗೇ ಬಿಟ್ಟು, ‘ಪರೀಕ್ಷೆ ಗೆದ್ದು ಗ್ರಾಮರ್ ಸ್ಕೂಲ್ ಸೇರಿದ’ ಅಂದರೆ ಸಾಕು, ಅಡಿಟಿಪ್ಪಣಿ ಬೇಡ. ನಮ್ಮ ಕಡೆಯವರಿಗೆ ಮುಲ್ಕಿ ಪರೀಕ್ಷೆ ನೆನಪಾಗುತ್ತದೆ. ಆ ಪದ ಮುಟ್ಟಬೇಡಿ. ಮುಲ್ಕಿ ಅಂದರೆ ಏಳನೇತ್ತಾ ಮುಗಿಸಿದ ಗುರುತು, ಅದರ ಮೇಲೆ ಮಾಸ್ತರಿಕೆ ಸಿಗುತ್ತಿತ್ತು. ಇಲೆವೆನ್ ಪ್ಲಸ್ ಒಳಗೆ ಬಿಡುವ ಬಾಗಿಲು. 1965ರಿಂದ ಸರ್ಕಾರವೇ ಎಲ್ಲ ಮಕ್ಕಳಿಗೂ ಒಂದೇ ಬಗೆಯ ‘ಕಾಂಪ್ರೆಹೆನ್ಸಿವ್’ ಶಾಲೆಗಳತ್ತ ಹೊರಳಿತು. ಆದರೂ ಇಂಗ್ಲೆಂಡಿನಲ್ಲಿ 163 ಗ್ರಾಮರ್ ಸ್ಕೂಲುಗಳು ಉಳಿದುಕೊಂಡಿವೆ.

ಆಸ್ಟ್ರೇಲಿಯಾದಲ್ಲಿ ಆ ಹೆಸರಿನವು ಹೆಚ್ಚಾಗಿ ಫೀ ಕಟ್ಟುವ ಖಾಸಗಿ ಶಾಲೆಗಳು. ‘ಪಬ್ಲಿಕ್ ಸ್ಕೂಲ್’ ಇನ್ನೂ ಮೋಸದ್ದು: ಅಮೆರಿಕದಲ್ಲಿ ಸರ್ಕಾರಿ ಶಾಲೆ, ಇಂಗ್ಲೆಂಡಿನಲ್ಲಿ ಈಟನ್‌ನಂಥ ದುಬಾರಿ ಖಾಸಗಿ ಶಾಲೆ. ಹುಬ್ಬಳ್ಳಿಯ ಬೋರ್ಡುಗಳನ್ನು ನೋಡಿ, ನಾವು ಯಾರ ಹಾದಿ ಹಿಡಿದೆವು ಅಂತ ತಿಳಿಯುತ್ತದೆ.

(‘ಗ್ಲಾಮರ್’ ಕೂಡ ಇದೇ ‘ಗ್ರಾಮರ್’ ಸ್ಕಾಟ್ಲೆಂಡಿನವರ ಬಾಯಲ್ಲಿ ತಿರುಚಿಕೊಂಡ ರೂಪ. ಅಕ್ಷರ ಬಲ್ಲವರಿಗೆ ಮಾಟವೂ ಗೊತ್ತು ಅಂತ ಜನ ನಂಬಿದ್ದ ಕಾಲದ್ದು. ಸಿನಿಮಾ ತಾರೆಯರಿಗೆ ಯಾರಾದರೂ ಹೇಳಬೇಕು.)

ಅಮೆರಿಕದ ಹಳೇ ಮಂದಿ ‘ಗ್ರಾಮರ್ ಸ್ಕೂಲ್’ ಅಂದರೆ ಬರೀ ಪ್ರಾಥಮಿಕ ಶಾಲೆ. ಮೊನ್ನೆ ಒಬ್ಬಾಕೆ ಅಯೋವಾದ ರೈತನೊಬ್ಬನ ನೆನಪುಗಳನ್ನು ಅನುವಾದಿಸಿ ತಂದಿದ್ದಳು. ನನ್ನ ಪಾಠ ಚೆನ್ನಾಗಿಯೇ ತಲೆಗೆ ಹೋಗಿತ್ತು, ‘ವ್ಯಾಕರಣ’ ಎಲ್ಲೂ ಇರಲಿಲ್ಲ. “ಅಜ್ಜ ಕನ್ನಡ ಸಾಲಿ ಬಿಟ್ಟು ಹೊಲಕ್ಕೆ ಹೋದ” ಅಂತಿತ್ತು. ಅಯೋವಾದಾಗ ಕನ್ನಡ ಸಾಲಿ! ‘ಕನ್ನಡ’ ಹೊಡೆದುಹಾಕಿದೆ, ‘ಸಾಲಿ’ ಹಾಗೇ ಬಿಟ್ಟೆ.