ಬೀಜ ಒಣಗಿದೆಯಾ ಅಂತ ಹಲ್ಲಿಗೆ ಗೊತ್ತಾಗಲ್ಲ

ಹಳೇ ತಳಿಗಳ ಬೀಜ ಕಾಪಿಡುವ ಬೀಜ ಬ್ಯಾಂಕಿನಲ್ಲಿ ಕೆಲಸ ಅಂದರೆ ಫ್ರಿಜ್ಜಿಗೆ ಕಾವಲು ಕೂರೋದು ಅಂದುಕೊಂಡವರು ಜಾಸ್ತಿ. ಕೂರೋಕೆ ಪುರುಸೊತ್ತು ಎಲ್ಲಿ? ನನ್ನ ಅರ್ಧ ದಿನ ಒದ್ದೆ ಕಾಗದದ ಮೇಲೆ ಮೊಳಕೆ ಎಣಿಸುವುದರಲ್ಲೇ ಕಳೆಯುತ್ತದೆ.

ಸೇರಿದ ಹೊಸತರಲ್ಲಿ ಒಂದು ಎಡವಟ್ಟು ಮಾಡಿದೆ. ಒಂದು ಹಳೇ ಭತ್ತದ ತಳಿಯ ಕಾಳು ಕಚ್ಚಿ ನೋಡಿದೆ, ಕಟಕ್ ಅಂತು. ಒಣಗಿದೆ ಬಿಡು ಅಂತ ಫಾಯಿಲ್ ಪೊಟ್ಟಣಕ್ಕೆ ತುಂಬಿ, ಸೀಲ್ ಮಾಡಿ, ಮೈನಸ್ 18 ಡಿಗ್ರಿಯ ಕೋಣೆಯಲ್ಲಿಟ್ಟೆ. ಕೆಲವು ವರ್ಷದ ಮೇಲೆ ತೆಗೆದು ನೋಡಿದರೆ ನೂರಕ್ಕೆ ಅರವತ್ತೂ ಮೊಳೆಯಲಿಲ್ಲ. ಸಾಮಾನ್ಯವಾಗಿ 85ಕ್ಕಿಂತ ಕೆಳಗಿಳಿದರೆ ಹೊಲದಲ್ಲಿ ಮತ್ತೆ ಬೆಳೆದು ಹೊಸ ಬೀಜ ಮಾಡಬೇಕು, ಒಂದಿಡೀ ಹಂಗಾಮು ಅದಕ್ಕೇ ಹೋಗುತ್ತದೆ. ಬೀಜದೊಳಗಿನ ತೇವಾಂಶ ಶೇ 1ರಷ್ಟು ಇಳಿದರೂ ಆಯಸ್ಸು ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ ಅನ್ನೋ ಲೆಕ್ಕ ಆಮೇಲೆ ತಲೆಗೆ ಹೋಯಿತು. ಈಗ 15 ಡಿಗ್ರಿಯ ಒಣಗಾಳಿಯ ಕೋಣೆಯಲ್ಲಿ ವಾರಗಟ್ಟಲೆ ಹರಡಿಟ್ಟು, ತೇವಾಂಶದ ಮೀಟರ್ ನೋಡಿದ ಮೇಲೆಯೇ ಸೀಲ್.

ಒಂದು ಪೊಟ್ಟಣ ತಾನೇ ಅನ್ನಬಹುದು. ಎಫ್‌ಆರ್‌13ಎ ಅಂತ ಒಂದು ಭತ್ತ ಇದೆ, ಒಡಿಶಾದ ಹಳೇ ನಾಟಿ ತಳಿಯಿಂದ ಆರಿಸಿದ್ದು. ಇಳುವರಿ ಅಷ್ಟಕ್ಕಷ್ಟೇ. ಆದರೆ ನೆರೆ ಬಂದಾಗ ಬೇರೆ ಪೈರು ನೀರಿನ ಮೇಲೆ ತಲೆ ಎತ್ತಲು ಉದ್ದುದ್ದ ಬೆಳೆದು ಸುಸ್ತಾಗಿ ಸತ್ತರೆ, ಇದು ಬೆಳವಣಿಗೆ ನಿಲ್ಲಿಸಿ ಸುಮ್ನೆ ಮುಳುಗಿಕೊಂಡಿರುತ್ತದೆ, ನೀರಿಳಿದ ಮೇಲೆ ಚಿಗುರುತ್ತದೆ. ಇದಕ್ಕೆ ಕಾರಣವಾದ ಸಬ್1ಎ ಜೀನ್ 2006ರಲ್ಲಿ ಸಿಕ್ಕಿತು. ಅದನ್ನು ಸ್ವರ್ಣ ತಳಿಗೆ ಸೇರಿಸಿದ್ದೇ ಸ್ವರ್ಣ-ಸಬ್1, ಸುಮಾರು ಎರಡು ವಾರ ಮುಳುಗಿದ್ದರೂ ಬದುಕುತ್ತದೆ. ನಾನು ಹಾಳು ಮಾಡಿದ ಪೊಟ್ಟಣದಲ್ಲಿ ಏನಿತ್ತೋ ಯಾರಿಗೆ ಗೊತ್ತು?

ಅದಕ್ಕೇ ಈಗ ಪ್ರತಿಯೊಂದು ತಳಿಯ ನಕಲನ್ನೂ, ಅಂದರೆ ಅದೇ ಬೀಜದ ಇನ್ನೊಂದು ಪೊಟ್ಟಣವನ್ನು, ಬೇರೆ ಕಡೆ ಇಡುತ್ತೇವೆ. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಹತ್ತಿರದ ಬೀಜ ಬ್ಯಾಂಕ್ ಕೈತಪ್ಪಿದಾಗ ನಾರ್ವೆಯ ಸ್ವಾಲ್ಬಾರ್ಡ್‌ನ ಬೀಜ ಭಂಡಾರದಲ್ಲಿಟ್ಟಿದ್ದ ನಕಲೇ ಉಳಿಸಿತು. 2015ರಲ್ಲಿ ಅದನ್ನು ತರಿಸಿ ಲೆಬನಾನ್, ಮೊರಾಕೊದಲ್ಲಿ ಬೆಳೆದರು, 2017ರಲ್ಲಿ ಹೊಸ ಬೀಜವನ್ನು ವಾಪಸ್ ಕಳಿಸಲು ಶುರುಮಾಡಿದರು.

ರೈತರು ಬಂದು ಮೂಟೆ ಕೇಳಿದಾಗ ಮಾತ್ರ ಕಷ್ಟ. ನಾವು ಕೊಡೋದು ಒಂದು ಹಿಡಿಗಿಂತ ಕಮ್ಮಿ, ಹೊಲಕ್ಕಾಗುವಷ್ಟು ಅವರೇ ಎರಡು ಮೂರು ಹಂಗಾಮು ಬೆಳೆಸಿಕೊಳ್ಳಬೇಕು. ಬೈದುಕೊಂಡೇ ಒಯ್ದ ಒಬ್ಬರು ಆಮೇಲೆ ಒಂದು ಡಬ್ಬಿ ಬೀಜ ವಾಪಸ್ ತಂದುಕೊಟ್ಟರು, ಜೊತೆಗೊಂದು ಚೀಟಿ: ತೆನೆ ಚೆನ್ನಾಗಿದೆ, ಗಾಳಿಗೆ ಬೀಳುತ್ತೆ. ಚೀಟಿಯ ಮಾತನ್ನು ಆ ತಳಿಯ ದಾಖಲೆಗೆ ಹಾಗೇ ಸೇರಿಸಿದೆ. ಬೀಜ ಈಗ ಒಣಗುವ ಕೋಣೆಯಲ್ಲಿದೆ.