ಮಂಡಿ ಮತ್ತು ಸೊಂಟದ ಕೀಲಿನ ಸವೆತಕ್ಕೆ ಯಾವ ವ್ಯಾಯಾಮ: ನಾನು ಆರಿಸುವ ಬಗೆ

ಎಕ್ಸ್‌ರೇ ಹಿಡಿದು ಬಂದವರು ಮೊದಲು ಕೇಳುವುದು ಹೀಗೆ: ನಡೆಯಬೇಕೋ, ಸೈಕಲ್ ತುಳಿಯಬೇಕೋ, ತೂಕ ಕಟ್ಟಿ ಕಾಲೆತ್ತಬೇಕೋ, ಇಲ್ಲ ಕಾಲಿಗೆ ವಿಶ್ರಾಂತಿ ಕೊಡಬೇಕೋ? ಇದರಲ್ಲಿ ವಿಶ್ರಾಂತಿಯನ್ನು ನಾನು ಆಗಲೇ ತೆಗೆದುಹಾಕುತ್ತೇನೆ. ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಕೀಲು ಮಡಚಿ ಬಿಚ್ಚುವಾಗ, ಭಾರ ಬಿದ್ದು ಬಿಡುವಾಗ ಕೀಲಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ಸುಮ್ಮನೆ ಕೂತರೆ ತೊಡೆಯ ಸ್ನಾಯು ಸೊರಗುತ್ತದೆ, ಅದು ತಡೆಯಬೇಕಿದ್ದ ಭಾರವೂ ಕೀಲಿಗೇ ಬೀಳುತ್ತದೆ. ಹಾಗೆಂದು ವ್ಯಾಯಾಮದಿಂದ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ. ಇದನ್ನೂ ಮೊದಲ ದಿನವೇ ಹೇಳಿಬಿಡುತ್ತೇನೆ. ನೋವು ಇಳಿಯುತ್ತದೆ, ಕಾಲಿಗೆ ಬಲ ಬರುತ್ತದೆ, ಮೆಟ್ಟಿಲು ಹತ್ತುವುದು ಹಗುರವಾಗುತ್ತದೆ.

ಶುರು ಮಾಡುವ ಮೊದಲು ನೋವು ಯಾವ ಕೀಲಿನದು ಎಂದು ಖಚಿತಪಡಿಸಿಕೊಳ್ಳಬೇಕು. ನಮ್ಮ ಮಾತಿನಲ್ಲಿ ‘ಸೊಂಟ ನೋವು’ ಎಂದರೆ ಬಹುಮಟ್ಟಿಗೆ ಬೆನ್ನಿನ ಕೆಳಭಾಗ. ಸೊಂಟದ ಕೀಲಿನ ನೋವು ಹೆಚ್ಚಾಗಿ ಕಾಣಿಸುವುದು ತೊಡೆಸಂದಿನಲ್ಲಿ. ಕೆಲವರಿಗೆ ಅದು ತೊಡೆಯ ಮುಂಭಾಗದಲ್ಲಿ ಇಳಿದು ಮಂಡಿಯಲ್ಲೇ ಕಾಡುತ್ತದೆ. ಆದ್ದರಿಂದ ಮಂಡಿ ನೋವೆಂದು ಬಂದವರನ್ನೂ ಮಲಗಿಸಿ, ಸೊಂಟದ ಕೀಲನ್ನು ಮಡಚಿ ಒಳಕ್ಕೆ ತಿರುಗಿಸಿ ನೋಡುತ್ತೇನೆ. ಆ ತಿರುವು ಬಿಗಿಯಾಗಿದ್ದು, ಅದೇ ನೋವು ಮರುಕಳಿಸಿದರೆ ಬರೀ ಮಂಡಿಯ ವ್ಯಾಯಾಮ ಹೇಳಿಕೊಟ್ಟು ಫಲವಿಲ್ಲ.

ವ್ಯಾಯಾಮದ ಬಗೆಗಳನ್ನು ಹೋಲಿಸಿದ ಅಧ್ಯಯನಗಳು ಬೇಕಾದಷ್ಟಿವೆ. 2025ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಮರ್ಶೆ ಮಂಡಿ ಸವೆತದ 217 ಪ್ರಯೋಗಗಳನ್ನು ಒಟ್ಟಿಗೆ ತೂಗಿತು. ಅದರಲ್ಲಿ ಮುಂದೆ ನಿಂತದ್ದು ನಡಿಗೆ, ಸೈಕಲ್, ಈಜಿನಂಥ ಏರೋಬಿಕ್ ವ್ಯಾಯಾಮ. ಬಲವರ್ಧನೆಯ ವಿಷಯದಲ್ಲಿ 2021ರ ಒಂದು ಪ್ರಯೋಗ ನನ್ನ ಕೆಲಸದ ರೀತಿಗೆ ಹತ್ತಿರ. 377 ಜನರನ್ನು 18 ತಿಂಗಳು ಅನುಸರಿಸಿದ ಅದರಲ್ಲಿ, ಭಾರಿ ತೂಕ ಎತ್ತಿದವರ ಮಂಡಿ ನೋವು ಹಗುರ ತೂಕ ಎತ್ತಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. 2016ರ ಇನ್ನೊಂದರಲ್ಲಿ 12 ವಾರಗಳ ತಾಯ್‌ಚಿ (ನಿಧಾನ ಚಲನೆಗಳ ಚೀನೀ ವ್ಯಾಯಾಮ), ಎಂದಿನ ಫಿಸಿಯೋಥೆರಪಿಯಷ್ಟೇ ಕೆಲಸ ಮಾಡಿತು. ಇವನ್ನೆಲ್ಲ ನೋಡಿ ನಾನು ಹಿಡಿದ ದಾರಿ: ನಡಿಗೆ ಇಲ್ಲವೇ ಸೈಕಲ್ ವಾರದ ಹೆಚ್ಚು ದಿನ, ಬಲವರ್ಧನೆ ಒಂದು ದಿನ ಬಿಟ್ಟು ಒಂದು ದಿನ, ನೀರಿನಲ್ಲಿ ನಿಂತು ಮಾಡುವ ವ್ಯಾಯಾಮ ಮತ್ತು ತಾಯ್‌ಚಿ ಬೇಕಾದವರಿಗೆ ಮಾತ್ರ. ವ್ಯಾಯಾಮ ಯಾವುದೇ ಇರಲಿ, ಪ್ರಮಾಣ ತಪ್ಪಿದರೆ ಕೆಡುತ್ತದೆ. ಕೈಬಿಟ್ಟವರಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ.

ಬಲವರ್ಧನೆಗೆ ಒಂದೇ ಒಂದನ್ನು ಆರಿಸು ಎಂದರೆ ನಾನು ಕುರ್ಚಿಯಿಂದ ಏಳುವುದನ್ನೇ ಆರಿಸುತ್ತೇನೆ. ಅದು ಅಳತೆಗೋಲೂ ಹೌದು. ಸುಮಾರು 43 ಸೆಂಟಿಮೀಟರ್ ಎತ್ತರದ, ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಆನಿಸಿಡಬೇಕು. ಎರಡೂ ಕೈ ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲಾಯಿತು ಎಂದು ಎಣಿಸಿ ಬರೆದಿಡಬೇಕು. ಅಭ್ಯಾಸಕ್ಕೆ ಮಾತ್ರ ಅದೇ ಎತ್ತರದಿಂದ ಶುರು ಮಾಡಿಸುವುದಿಲ್ಲ. ಆಸನದ ಮೇಲೆ ಗಟ್ಟಿ ದಿಂಬಿಟ್ಟು 50 ಸೆಂಟಿಮೀಟರಿನಷ್ಟು ಎತ್ತರಿಸುತ್ತೇನೆ, ಆಗ ಮಂಡಿ ಹೆಚ್ಚು ಮಡಚದೆ ಕೆಲಸ ನಡೆಯುತ್ತದೆ. ಆಸನದ ಅಂಚಿಗೆ ಸರಿದು, ಪಾದಗಳನ್ನು ಸೊಂಟದಗಲ ಇಟ್ಟು, ಹಿಮ್ಮಡಿಯನ್ನು ಮಂಡಿಯ ನೇರಕ್ಕಿಂತ ತುಸು ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಿ. ಕೂರುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತಾ ಇಳಿಯಿರಿ.

ತಪ್ಪುವುದು ಮೂರು ಕಡೆ. ಕೊನೆಯ ಒಂದು ಗೇಣು ಇಳಿಯುವಾಗ ಹಿಡಿತ ಬಿಟ್ಟು ಧಪ್ಪೆಂದು ಕೂರುವುದು ಮೊದಲನೆಯದು. ಸ್ನಾಯು ಕಲಿಯಬೇಕಾದ್ದು ಆ ಗೇಣಿನಲ್ಲೇ, ಆದ್ದರಿಂದ ಹಿಡಿತ ಬರುವವರೆಗೆ ದಿಂಬನ್ನು ಇನ್ನಷ್ಟು ಎತ್ತರಿಸಬೇಕು. ಎರಡನೆಯದು ಏಳುವಾಗ ಮಂಡಿಗಳು ಒಂದನ್ನೊಂದು ಮುಟ್ಟುವಂತೆ ಒಳಕ್ಕೆ ವಾಲುವುದು. ಮಂಡಿಯ ಮೇಲ್ಭಾಗಕ್ಕೆ ಒಂದು ರಬ್ಬರ್ ಪಟ್ಟಿ ಸುತ್ತಿ, ಅದನ್ನು ಹೊರಕ್ಕೆ ಒತ್ತಿಹಿಡಿದೇ ಏಳಲು ಹೇಳಿದರೆ ಸರಿಹೋಗುತ್ತದೆ. ಮೂರನೆಯದು ಕಣ್ಣಿಗೆ ಬೀಳುವುದೇ ಕಷ್ಟ: ನೋವಿನ ಕಾಲು ಸುಮ್ಮನಿದ್ದು ಒಳ್ಳೆಯ ಕಾಲೇ ಎಲ್ಲವನ್ನೂ ಎತ್ತುತ್ತಿರುತ್ತದೆ. ಒಳ್ಳೆಯ ಕಾಲಿನ ಪಾದವನ್ನು ಅರ್ಧ ಪಾದದಷ್ಟು ಮುಂದೆ ಸರಿಸಿದರೆ ಸಾಕು, ಭಾರ ತಾನಾಗಿ ಆಚೆಗೆ ಹೋಗುತ್ತದೆ. ಎಂಟರಿಂದ ಹತ್ತು ಸಲದಂತೆ ಎರಡು ಸೆಟ್, ನಡುವೆ ಒಂದೂವರೆ ನಿಮಿಷ ಬಿಡುವು. ಹನ್ನೆರಡು ಸಲ ಸಲೀಸಾಗಿ ಆದಾಗ ಎರಡು ಮೂರು ಸೆಂಟಿಮೀಟರ್ ತಗ್ಗಿಸಿ.

ಮಂಡಿ ಊದಿಕೊಂಡಿದ್ದರೆ ಈ ಕೆಲಸ ಮುಂದಕ್ಕೆ ಹೋಗುತ್ತದೆ. ಕೀಲಿನಲ್ಲಿ ನೀರು ತುಂಬಿದಾಗ ನರಗಳೇ ತೊಡೆಯ ಮುಂಭಾಗದ ಸ್ನಾಯುವನ್ನು ತಡೆಹಿಡಿಯುತ್ತವೆ, ಎಷ್ಟು ಮನಸ್ಸು ಮಾಡಿದರೂ ಅದು ಪೂರ್ತಿ ಬಿಗಿಯುವುದಿಲ್ಲ. ಆಗ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಐದು ಸೆಕೆಂಡ್ ಕೆಳಕ್ಕೆ ಒತ್ತಿ ಬಿಡುವುದನ್ನು ಹತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡಿಸುತ್ತೇನೆ. ಊತ ಇಳಿದ ಮೇಲೆ ಕುರ್ಚಿಗೆ ಬರಬಹುದು.

ಸೈಕಲ್ ತುಳಿದು ಮಂಡಿಯ ಮುಂದೆ ನೋವು ಬಂತೆಂದರೆ ಸೀಟು ತಗ್ಗಾಗಿದೆ ಎಂದೇ ಮೊದಲು ಅನುಮಾನಿಸಬೇಕು. ಸೀಟು ತಗ್ಗಿದಷ್ಟೂ ಮಂಡಿ ಹೆಚ್ಚು ಮಡಚುತ್ತದೆ, ಮಂಡಿಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಅಳತೆ ಸುಲಭ: ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲೆ ಬಂದು ಮಂಡಿ 25ರಿಂದ 35 ಡಿಗ್ರಿ ಮಡಚಿರುತ್ತದೆ, ಅದೇ ಸರಿ. ಬಿಗಿ ಕಡಿಮೆ ಇಟ್ಟು, ನಿಮಿಷಕ್ಕೆ 60 ಸುತ್ತಿನಂತೆ ಐದು ನಿಮಿಷದಿಂದ ಶುರು. ಸೊಂಟದ ಕೀಲು ಬಿಗಿದವರಿಗೆ ಹ್ಯಾಂಡಲ್ಲನ್ನೂ ಎತ್ತರಿಸಬೇಕು. ಮುಂದೆ ಬಾಗಿ ಕೂತರೆ ಪೆಡಲ್ ಮೇಲೆ ಬಂದಾಗಲೆಲ್ಲ ತೊಡೆಸಂದು ಚುಚ್ಚುತ್ತದೆ.

ನಡಿಗೆ ಒಂದೇ ಸಲಕ್ಕೆ ಅರ್ಧ ಗಂಟೆ ಬೇಡ. ಸಮತಟ್ಟಾದ ಕಡೆ ಹತ್ತು ನಿಮಿಷದಂತೆ ಮೂರು ಹೊತ್ತು ನಡೆದರೂ ಲೆಕ್ಕ ಒಂದೇ. ಗುರಿ ವಾರಕ್ಕೆ 150 ನಿಮಿಷ. ಕೋಲು ಬೇಕಾದವರು ಅದನ್ನು ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ನೋವಿನ ಬದಿಗೇ ಹಿಡಿದು ವಾಲಿಕೊಂಡು ಬರುವವರೇ ಹೆಚ್ಚು, ನೋಡಿದಾಗೆಲ್ಲ ಸಂಕಟವಾಗುತ್ತದೆ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು.

ಸೊಂಟದ ಕೀಲಿಗೆ ಮುಖ್ಯ ಪೃಷ್ಠದ ಪಕ್ಕದ ಸ್ನಾಯು. ಅದು ಸೋತರೆ ಒಂಟಿ ಕಾಲಲ್ಲಿ ನಿಂತಾಗ ಎದುರು ಬದಿಯ ಸೊಂಟ ಕೆಳಕ್ಕೆ ಜಾರುತ್ತದೆ. ಮಗ್ಗುಲಾಗಿ ಮಲಗಿ ಕಾಲೆತ್ತುವ ವ್ಯಾಯಾಮ ಎಲ್ಲರಿಗೂ ಗೊತ್ತು, ಆದರೆ ಸರಿಯಾಗಿ ಮಾಡುವವರು ಕಡಿಮೆ: ಸೊಂಟ ಹಿಂದಕ್ಕೆ ಉರುಳಿ, ಕಾಲು ಮುಂದಕ್ಕೆ ಬಂದು, ತೊಡೆಯ ಮುಂಭಾಗದ ಸ್ನಾಯುವೇ ಎತ್ತಿಬಿಡುತ್ತದೆ. ಬೆನ್ನು ಮತ್ತು ಪೃಷ್ಠವನ್ನು ಗೋಡೆಗೆ ತಾಗಿಸಿ ಮಲಗಿಸುತ್ತೇನೆ. ಹಿಮ್ಮಡಿ ಗೋಡೆಯನ್ನು ಸವರುತ್ತಲೇ ಮೇಲೇರಬೇಕು, ಕಾಲ್ಬೆರಳು ತುಸು ನೆಲದ ಕಡೆಗಿರಬೇಕು. ಒಂದಡಿ ಎತ್ತಿದರೆ ಸಾಕು, ಮೂರು ಸೆಕೆಂಡ್ ತಡೆದು ಇಳಿಸಿ. ಗೋಡೆಯಿಲ್ಲದೆ ಇಪ್ಪತ್ತು ಎತ್ತುತ್ತಿದ್ದವರು ಇಲ್ಲಿ ಆರಕ್ಕೇ ನಿಲ್ಲುತ್ತಾರೆ. ಮಂಡಿಯನ್ನು ಎದೆಗೆ ಎಳೆದು ಹಿಂಡುವ ಸ್ಟ್ರೆಚ್ ಮಾತ್ರ ಬೇಡ, ಅದು ಕೀಲಿನ ಮುಂಭಾಗವನ್ನು ಅದುಮುತ್ತದೆ.

ನಾಲ್ಕು ಹೆಜ್ಜೆಗೂ ಮುಖ ಕಿವುಚುವಷ್ಟು ನೋವಿದ್ದವರಿಗೆ, ತುಂಬಾ ದಪ್ಪಗಿದ್ದವರಿಗೆ ನೀರು ಒಳ್ಳೆಯದು. ಎದೆಮಟ್ಟದ ನೀರಿನಲ್ಲಿ ಕಾಲಿಗೆ ಬೀಳುವುದು ದೇಹದ ಭಾರದ ಮೂರನೇ ಒಂದು ಪಾಲು ಮಾತ್ರ. ಆದರೆ ನೆಲದ ಮೇಲೆ ಏಳುವ ಬಲ ನೀರಿನಿಂದ ಪೂರ್ತಿ ಬರುವುದಿಲ್ಲ, ಆರು ವಾರದೊಳಗೆ ಕುರ್ಚಿಯ ವ್ಯಾಯಾಮ ಜೊತೆಗೆ ಸೇರಿಸುತ್ತೇನೆ. ತಾಯ್‌ಚಿ ಬೀಳುವ ಭಯ ಇದ್ದವರಿಗೆ ಹಿಡಿಸುತ್ತದೆ. ಮಂಡಿಯನ್ನು ಸ್ವಲ್ಪವೇ ಬಾಗಿಸಿ ಮಾಡಬೇಕು ಅಷ್ಟೆ.

ಇನ್ನು ಪ್ರಮಾಣ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲು ಹೇಳುತ್ತೇನೆ. ಮಾಡುವಾಗ ಎರಡರವರೆಗೆ ಚಿಂತೆಯಿಲ್ಲ, ಐದರವರೆಗೆ ತಡೆದುಕೊಳ್ಳಬಹುದು. ಆದರೆ 24 ಗಂಟೆಯೊಳಗೆ ಮೊದಲಿದ್ದ ಅಂಕಕ್ಕೆ ಮರಳಲೇಬೇಕು. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ನಿನ್ನೆಗಿಂತ ಬಿಗಿದಿದ್ದರೆ, ಊದಿದ್ದರೆ, ಅಂದಿನ ಪ್ರಮಾಣ ಅರ್ಧ. ನಿಲ್ಲಿಸುವುದು ಬೇಡ. ಏರಿಸುವಾಗ ವಾರಕ್ಕೆ ಒಂದನ್ನೇ ಏರಿಸಿ: ಸಲವನ್ನೋ, ತೂಕವನ್ನೋ, ಹೊತ್ತನ್ನೋ. ಎರಡನ್ನು ಒಟ್ಟಿಗೆ ಏರಿಸಿದರೆ ನೋವು ಯಾವುದರಿಂದ ಬಂತೆಂದು ಹೇಳಲಾಗದು.

ಕೀಲು ಬಿಸಿಯಾಗಿ ಕೆಂಪಾಗಿದ್ದು ಜ್ವರವಿದ್ದರೆ, ಮಂಡಿ ನಡುವೆಯೇ ಸಿಕ್ಕಿಕೊಂಡು ಬಿಚ್ಚದಿದ್ದರೆ, ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ ವ್ಯಾಯಾಮ ಬಿಟ್ಟು ಅಂದೇ ವೈದ್ಯರಿಗೆ ತೋರಿಸಬೇಕು.

ಮೊದಲ ಎರಡು ವಾರದಲ್ಲಿ ನೋವಿನ ಅಂಕ ಅಷ್ಟಾಗಿ ಕದಲುವುದಿಲ್ಲ. ಆರರಿಂದ ಎಂಟು ವಾರ ಕಾಯಲು ಹೇಳುತ್ತೇನೆ, ಹನ್ನೆರಡನೇ ವಾರ ಅದೇ ಕುರ್ಚಿ, ಅದೇ ಎತ್ತರ, ಅದೇ 30 ಸೆಕೆಂಡ್ ಇಟ್ಟು ಮತ್ತೆ ಎಣಿಸುತ್ತೇನೆ. ಎಣಿಕೆ ಏರಿ ನೋವು ಹಾಗೇ ಉಳಿದಿದ್ದರೆ ಬಲವರ್ಧನೆಯನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ, ಉಳಿದ ದಿನ ಸೈಕಲ್ ಹೆಚ್ಚಿಸುತ್ತೇನೆ. ನೋವು ಇಳಿದು ಎಣಿಕೆ ಏರದಿದ್ದರೆ ದಿಂಬನ್ನು ತೆಗೆದೇ ಇಲ್ಲ ಎಂದರ್ಥ.