ಎಟಿಆರ್ ಹ್ಯಾಂಗರಿನ ಸ್ಟೋರ್ಸ್: ನಾವು ಬಿಡಿಭಾಗ ಇಟ್ಟುಕೊಳ್ಳುವ ಬಗೆ

ಹತ್ತು ಎಟಿಆರ್ 72 ವಿಮಾನಗಳಿಗೆ ಎಷ್ಟು ಬಿಡಿಭಾಗ ಬೇಕು? ಈ ಲೆಕ್ಕವನ್ನು ನಾವು ಶುರುಮಾಡಿದ್ದು ಬೆಲೆಪಟ್ಟಿಯ ತಳದಿಂದ: ನಟ್, ಬೋಲ್ಟ್ ಸಡಿಲವಾಗದಂತೆ ತಡೆಯುವ ಕಾಟರ್ ಪಿನ್, ಲಾಕ್‌ವೈರ್, ಸೋರಿಕೆ ತಡೆಯುವ ಓ-ರಿಂಗ್, ವಾಷರ್. ದೊಡ್ಡ ಪಂಪ್ ಇಲ್ಲದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ, ಫೋನುಗಳು ಓಡಾಡುತ್ತವೆ, ಎಲ್ಲಿಂದಲೋ ತರಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಕೌಂಟರಿನಲ್ಲಿ ಒಂದು ಬೋಲ್ಟ್ ಇಲ್ಲ ಅಂದರೆ ಕೆಲಸ ಮುಗಿಸುವ ಆತುರದಲ್ಲಿ ಇರುವವರು ಪಕ್ಕದ ಡಬ್ಬಿಗೆ ಕೈ ಹಾಕುತ್ತಾರೆ. ನನ್ನ ಭಯ ಇರುವುದು ಅಲ್ಲಿ.

ಇದು ಬರೀ ಊಹೆಯಲ್ಲ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ 5390ರ ಎಡಗಡೆಯ ವಿಂಡ್‌ಸ್ಕ್ರೀನ್ 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ನರ ಅರ್ಧ ಮೈ ಹೊರಗಿತ್ತು. ಸಿಬ್ಬಂದಿ ಹಿಡಿದುಕೊಂಡದ್ದರಿಂದ ಬದುಕಿದರು, ವಿಮಾನ ಸೌತಾಂಪ್ಟನ್‌ನಲ್ಲಿ ಇಳಿಯಿತು. ಆ ಗಾಜನ್ನು ಕೂರಿಸಿದ 90 ಬೋಲ್ಟುಗಳಲ್ಲಿ 84, ಬೇಕಾದ ವ್ಯಾಸಕ್ಕಿಂತ 0.026 ಇಂಚು ಸಣ್ಣವು. ಬೇಕಿದ್ದದ್ದು ಎ211-8ಡಿ, ಹಾಕಿದ್ದು ಎ211-8ಸಿ. ಸ್ಟೋರ್ಸಿನವರು 8ಡಿ ಎಂದು ಹೇಳಿಯೂ ಇದ್ದರು. ಆದರೆ ಗಾಜಿನಿಂದ ಬಿಚ್ಚಿದ್ದು 7ಡಿ, ಅದಕ್ಕೆ ಸರಿಹೊಂದುವ ಬೋಲ್ಟುಗಳು ಸ್ಟೋರ್ಸಿನ ಡ್ರಾಯರಿನಲ್ಲಿ ಬೆರಳೆಣಿಕೆಯಷ್ಟೇ ಇದ್ದವು. ಹಾಗಾಗಿ ಕೆಲಸ ಮಾಡುತ್ತಿದ್ದವರು ಯಾರ ಕಾವಲೂ ಇಲ್ಲದ, ಮಂದ ಬೆಳಕಿನ ಇನ್ನೊಂದು ರ‍್ಯಾಕಿಗೆ ಹೋಗಿ ಹಳೆಯ ಬೋಲ್ಟನ್ನು ಹೊಸದರ ಪಕ್ಕ ಹಿಡಿದು ಕಣ್ಣಳತೆಯಲ್ಲಿ ಆರಿಸಿದರು. ಎಲ್ಲರೂ ಇದನ್ನು ಎಂಜಿನಿಯರಿನ ತಪ್ಪೆಂದು ಓದುತ್ತಾರೆ. ನಾನು ಅದರಲ್ಲಿ ಮೊದಲು ನೋಡುವುದು ಆ ಬಹುತೇಕ ಖಾಲಿ ಡ್ರಾಯರನ್ನು.

ಚಿಲ್ಲರೆ ಸಾಮಾನಿಗೆ ನಮ್ಮದು ಎರಡು ಡಬ್ಬಿಯ ಪದ್ಧತಿ. ಮುಂದಿನ ಡಬ್ಬಿಯಿಂದ ಕೊಡುತ್ತೇವೆ. ಹಿಂದಿನದು ಸೀಲ್ ಮಾಡಿದ ಚೀಲ, ಮೇಲೆ ಕಾರ್ಡು. ಮುಂದಿನದು ಖಾಲಿಯಾದ ದಿನವೇ ಕಾರ್ಡು ಖರೀದಿ ವಿಭಾಗಕ್ಕೆ ಹೋಗುತ್ತದೆ. ಸರಕು ಬರಲು 30 ದಿನ ಹಿಡಿದರೆ ಹಿಂದಿನ ಚೀಲದಲ್ಲಿ 45 ದಿನಕ್ಕೆ ಆಗುವಷ್ಟು ಇರಬೇಕು. ಕಾಟರ್ ಪಿನ್ ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವಂತಿಲ್ಲ. ಹಾಗಾಗಿ ಅದರ ಬಳಕೆಯನ್ನು ಬದಲಿಸಿದ ಭಾಗಗಳ ಮೇಲಲ್ಲ, ಬಿಚ್ಚುವ ಕೆಲಸಗಳ ಮೇಲೆ ಲೆಕ್ಕ ಹಾಕಬೇಕು. ಇಲ್ಲಿ ತಪ್ಪಿದವರೇ ಹೆಚ್ಚು. ಇನ್ನೊಂದು: ಹೊಸ ಬ್ಯಾಚನ್ನು ಹಳೆಯದರ ಮೇಲೆ ಸುರಿಯಬಾರದು. ನಾಳೆ ಆ ಬ್ಯಾಚಿನಲ್ಲಿ ದೋಷ ಇದೆ ಎಂದು ತಯಾರಕರು ತಿಳಿಸಿದರೆ, ಬೆರೆತ ಡಬ್ಬಿಯಿಂದ ಯಾವ ಪಿನ್ ಯಾವ ವಿಮಾನಕ್ಕೆ ಹೋಯಿತೆಂದು ಹೇಳಲು ಸಾಧ್ಯವೇ ಇಲ್ಲ.

ಓ-ರಿಂಗ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಎಟಿಆರ್‌ನ ಹೈಡ್ರಾಲಿಕ್‌ನಲ್ಲಿ ಇರುವುದು ಸ್ಕೈಡ್ರಾಲ್ ಜಾತಿಯ ಫಾಸ್ಫೇಟ್ ಎಸ್ಟರ್ ದ್ರವ, ನೇರಳೆ ಬಣ್ಣ. ಅದಕ್ಕೆ ಇಪಿಡಿಎಂ ರಬ್ಬರಿನ ರಿಂಗ್ ಬೇಕು, ಎನ್‌ಎಎಸ್ 1611 ಸರಣಿ. ಸೆಸ್ನಾ 172ರ ಬ್ರೇಕಿನಲ್ಲಿ ಇರುವುದು ಕೆಂಪು ಖನಿಜ ತೈಲ, ಅದಕ್ಕೆ ನೈಟ್ರೈಲ್ ರಿಂಗ್, ಎಂಎಸ್ 28775 ಸರಣಿ. ಎರಡು ಸರಣಿಯಲ್ಲೂ ಡ್ಯಾಷ್ ನಂಬರ್ 218 ಅಂದರೆ ಅಳತೆ ಒಂದೇ. ಎರಡೂ ಕಪ್ಪು. ಲಕೋಟೆಯಿಂದ ತೆಗೆದು ಅಂಗೈ ಮೇಲೆ ಇಟ್ಟರೆ ಮೂವತ್ತು ವರ್ಷ ಅನುಭವ ಇದ್ದವರೂ ಗುರುತಿಸಲಾರರು. ನೈಟ್ರೈಲ್ ರಿಂಗ್ ಸ್ಕೈಡ್ರಾಲ್‌ಗೆ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಇಪಿಡಿಎಂ ಖನಿಜ ತೈಲಕ್ಕೆ ಬಿದ್ದರೂ ಅದೇ ಗತಿ. ಒಂದೇ ಛಾವಣಿಯಡಿ ಎರಡು ಬಗೆಯ ವಿಮಾನ ಇದ್ದರೆ ಈ ಎರಡು ಸರಣಿಗೆ ಬೇರೆ ಬೇರೆ ಬೀರು ಇಡಿ, ಒಂದೇ ಬೀರುವಿನ ಬೇರೆ ಖಾನೆ ಸಾಲದು. ರಿಂಗನ್ನು ಬಿಡಿಯಾಗಿ ಕೊಡಲೇಬೇಡಿ. ಲಕೋಟೆ ಒಡೆಯುವುದು ವಿಮಾನದ ಬಳಿ, ಒಡೆದು ಉಳಿದದ್ದು ಕಸಕ್ಕೆ.

ಲಕೋಟೆಯ ಮೇಲೆ 2ಕ್ಯೂ19 ಎಂದಿದ್ದರೆ 2019ರ ಎರಡನೇ ತ್ರೈಮಾಸಿಕದಲ್ಲಿ ಆ ರಬ್ಬರ್ ಬೆಂದಿದೆ ಎಂದರ್ಥ. ಎಸ್‌ಎಇ ಸಂಸ್ಥೆಯ ಎಆರ್‌ಪಿ 5316 ಪ್ರಕಾರ ನೈಟ್ರೈಲ್‌ಗೆ ಅಲ್ಲಿಂದ 15 ವರ್ಷ. ಇಪಿಡಿಎಂಗೆ ಅದರಲ್ಲಿ ಮಿತಿಯಿಲ್ಲ, ಆದರೆ ತಯಾರಕರು ಅವಧಿ ಬರೆದಿದ್ದರೆ ಅದನ್ನೇ ಪಾಲಿಸುತ್ತೇವೆ. ಆ ವರ್ಷಗಳಿಗೂ ಒಂದು ಷರತ್ತಿದೆ: ಶಾಖ 38 ಡಿಗ್ರಿ ದಾಟಬಾರದು, ಆರ್ದ್ರತೆ ಶೇ. 75ರ ಒಳಗಿರಬೇಕು. ಬೆಂಗಳೂರಿನಲ್ಲಿ ಶಾಖದ ಚಿಂತೆ ಕಡಿಮೆ. ಮಳೆಗಾಲದ ತೇವವೇ ತೊಂದರೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ಡಿಹ್ಯೂಮಿಡಿಫೈಯರ್ ಹಗಲಿರುಳು ಓಡಬೇಕು. ಅದರ ಮೋಟಾರನ್ನು ಮಾತ್ರ ಸೀಲು, ಟೈರುಗಳ ಹತ್ತಿರ ಇಡಬೇಡಿ. ಮೋಟಾರಿನ ಕಿಡಿಯಿಂದ ಹುಟ್ಟುವ ಓಜೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ.

ಇನ್ನು ರೋಟಬಲ್‌ಗಳು, ಅಂದರೆ ಕೆಟ್ಟರೆ ರಿಪೇರಿಗೆ ಹೋಗಿ ಮತ್ತೆ ಬರುವ ದುಬಾರಿ ಸಾಮಾನು. ಮೊದಲು ಎಂಇಎಲ್ (ಕನಿಷ್ಠ ಉಪಕರಣ ಪಟ್ಟಿ) ನೋಡುತ್ತೇವೆ. ಯಾವ ಭಾಗ ಕೆಟ್ಟರೆ ಎಷ್ಟು ದಿನ ಹಾರಬಹುದು ಎಂದು ಅದು ಹೇಳುತ್ತದೆ: ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10, ಡಿ ವರ್ಗಕ್ಕೆ 120. ಸಿ ವರ್ಗದ ಭಾಗ ಕಸ್ಟಮ್ಸ್ ಸೇರಿ 5 ದಿನದಲ್ಲಿ ಕೈಗೆ ಬರುವಂತಿದ್ದರೆ ಅದನ್ನು ಕೊಂಡಿಡುವ ಅಗತ್ಯವೇ ಇಲ್ಲ. ಎಂಇಎಲ್‌ನಲ್ಲಿ ವಿನಾಯಿತಿ ಇಲ್ಲದ ಭಾಗ ಕೆಟ್ಟರೆ ವಿಮಾನ ನೆಲಕ್ಕೆ, ಎಓಜಿ. ಹಣ ಹೋಗಬೇಕಾದ್ದು ಅಂಥವಕ್ಕೆ.

ಎಷ್ಟು ಇಡಬೇಕು ಎಂಬುದಕ್ಕೆ ಒಂದು ಉದಾಹರಣೆ. ಪ್ರತಿ ವಿಮಾನದಲ್ಲಿ 2 ಇರುವ ಒಂದು ಯೂನಿಟ್. 10 ವಿಮಾನ, ತಲಾ ವರ್ಷಕ್ಕೆ 2,500 ಗಂಟೆ ಹಾರಾಟ. ಸರಾಸರಿ 10,000 ಗಂಟೆಗೊಮ್ಮೆ ಅನಿರೀಕ್ಷಿತವಾಗಿ ಕಳಚಬೇಕಾಗುತ್ತದೆ ಎಂದುಕೊಳ್ಳಿ. ವರ್ಷಕ್ಕೆ 5 ಸಲ ಕಳಚುತ್ತೇವೆ. ರಿಪೇರಿಗೆ ಹೋಗಿ ಬರಲು 60 ದಿನ ಆದರೆ, ಯಾವುದೇ ದಿನ ಸರಾಸರಿ 0.82 ಯೂನಿಟ್ ಹೊರಗಿರುತ್ತದೆ. ಇದನ್ನು ಎಕ್ಸೆಲ್‌ನ ಪಾಯ್ಸಾನ್ ಸೂತ್ರಕ್ಕೆ ಹಾಕಿದರೆ, 1 ಹೆಚ್ಚುವರಿ ಯೂನಿಟ್ ಇಟ್ಟರೆ ಶೇ. 80 ರಕ್ಷಣೆ (ಅಂದರೆ ಕೊರತೆ ಬೀಳದಿರುವ ಸಾಧ್ಯತೆ), 2 ಇಟ್ಟರೆ ಶೇ. 95. ಈಗ ರಿಪೇರಿ 120 ದಿನ ಎಳೆಯಿತು ಎನ್ನಿ. ಅದೇ 2 ಯೂನಿಟ್ ಶೇ. 77ಕ್ಕೆ ಇಳಿಯುತ್ತವೆ, ಮೊದಲಿನ ಮಟ್ಟಕ್ಕೆ ಬರಲು 4 ಬೇಕು. ಇನ್ನೆರಡು ಯೂನಿಟ್ ಕೊಳ್ಳುವ ಅರ್ಜಿ ಬಂದಾಗಲೆಲ್ಲ ನಾವು ಕೇಳುವುದು ಒಂದೇ: ಕೆಟ್ಟದ್ದು ಹೊರಟದ್ದು ಯಾವತ್ತು? ಹೆಚ್ಚಿನ ಸಲ ಅದು ಕೆಂಪು ಚೀಟಿ ಕಟ್ಟಿಸಿಕೊಂಡು ಹ್ಯಾಂಗರಿನ ಮೂಲೆಯಲ್ಲೇ ಮೂರು ವಾರ ಕುಳಿತಿರುತ್ತದೆ. ಕಳಚಿದ ಕಾರಣ ಬರೆದಿಲ್ಲ, ಓಡಿದ ಗಂಟೆ ಬರೆದಿಲ್ಲ, ಪೆಟ್ಟಿಗೆ ಸಿಕ್ಕಿಲ್ಲ. ಹೊಸ ಯೂನಿಟ್ ಕೊಡುವ ಮೊದಲು ಹಳೆಯದನ್ನು ಭರ್ತಿಮಾಡಿದ ಚೀಟಿಯ ಜೊತೆ ಕೌಂಟರಿಗೆ ತರಬೇಕು ಎಂಬ ನಿಯಮ ಮಾಡಿದರೆ ಈ ಮೂರು ವಾರ ಉಳಿತಾಯವಾಗುತ್ತದೆ. ಎಓಜಿ ಇದ್ದಾಗ ಮಾತ್ರ 24 ಗಂಟೆ ಸಡಿಲ. ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಹಳೆಯದನ್ನು ಕೊಡುವ ಕರಾರಿನ ಮೇಲೆ ತಂದದ್ದಾದರೆ ಹಳೆಯದು ಗಡುವಿನೊಳಗೆ ಹೋಗದಿದ್ದಕ್ಕೆ ದಂಡವೂ ಬೀಳುತ್ತದೆ.

ಆಮದಿನ ಕಡೆ ಒಂದು ಒಳ್ಳೆಯದಾಗಿದೆ. 2024ರ ಜುಲೈ 15ರಿಂದ ವಿಮಾನದ ಬಿಡಿಭಾಗಗಳಿಗೆ ಏಕರೂಪದ ಶೇ. 5 ಐಜಿಎಸ್‌ಟಿ ಬಂತು. ಒಂದೇ ವಿಮಾನಕ್ಕೆ ಹೋಗುವ ಸಾಮಾನಿಗೆ ಬೇರೆ ಬೇರೆ ದರ ಇದ್ದ ಗೊಂದಲ ಅಲ್ಲಿಗೆ ಕಡಿಮೆಯಾಯಿತು.

ಸಾಮಾನು ಬಂದಾಗ ಪೆಟ್ಟಿಗೆಗಿಂತ ಮೊದಲು ಕಾಗದ, ಅಂದರೆ ಭಾಗ ಬಳಕೆಗೆ ಯೋಗ್ಯ ಎನ್ನುವ ಪ್ರಮಾಣಪತ್ರ, ತೆರೆಯುತ್ತೇವೆ. ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಸಿಎ ಫಾರ್ಮ್ 1, ಯುರೋಪಿನ ಇಎಎಸ್‌ಎ ಫಾರ್ಮ್ 1, ಅಮೆರಿಕದ 8130-3, ಮೂರರಲ್ಲೂ 8ನೇ ಚೌಕದಲ್ಲಿ ಪಾರ್ಟ್ ನಂಬರ್, 10ರಲ್ಲಿ ಸೀರಿಯಲ್, 11ರಲ್ಲಿ ಸ್ಥಿತಿ. ಪಾರ್ಟ್ ನಂಬರನ್ನು ಡ್ಯಾಷ್ ಸಮೇತ ಒಬ್ಬರು ಕಾಗದದಿಂದ ಜೋರಾಗಿ ಓದುತ್ತಾರೆ, ಇನ್ನೊಬ್ಬರು ಲೋಹದ ಪ್ಲೇಟಿನಲ್ಲಿ ಬೆರಳಿಟ್ಟು ನೋಡುತ್ತಾರೆ. 11ರಲ್ಲಿ ಓವರ್‌ಹಾಲ್ಡ್ ಎಂದು ಆರ್ಡರ್ ಮಾಡಿ ಇನ್‌ಸ್ಪೆಕ್ಟೆಡ್ ಎಂದು ಬಂದರೆ ವಾಪಸ್, ಎರಡರ ಬೆಲೆಯೂ ಒಂದಲ್ಲ, ಆಯುಷ್ಯವೂ ಒಂದಲ್ಲ. ಆಮೇಲೆ ಸಹಿ ಮಾಡಿದ ಸಂಸ್ಥೆಗೆ ಅದರದೇ ವೆಬ್‌ಸೈಟಿನ ವಿಳಾಸಕ್ಕೆ ಮೇಲ್ ಕಳಿಸಿ ಫಾರ್ಮಿನ ಸಂಖ್ಯೆ ನಿಜವೇ ಎಂದು ಕೇಳುತ್ತೇವೆ. ಮಾರಾಟಗಾರ ಕೊಟ್ಟ ವಿಳಾಸಕ್ಕೆ ಕೇಳಬಾರದು. 2023ರಲ್ಲಿ ಸಿಎಫ್‌ಎಂ56 ಎಂಜಿನ್‌ಗಳಿಗೆ ನಕಲಿ ಫಾರ್ಮುಗಳ ಮೇಲೆ ಭಾಗಗಳು ಮಾರಾಟವಾದದ್ದು ಬಯಲಾದ ಮೇಲೆ ಇದನ್ನು ಬಿಟ್ಟು ಮುಂದೆ ಹೋಗುವ ಧೈರ್ಯ ನಮಗಿಲ್ಲ. ಅನುಮಾನ ಇದ್ದದ್ದು ಕ್ವಾರಂಟೈನ್ ಕೋಣೆಗೆ. ಬೀಗದ ಕೈ ಸ್ಟೋರ್ಸಿನವರ ಬಳಿ ಇರುವುದಿಲ್ಲ, ಕ್ವಾಲಿಟಿಯವರ ಬಳಿ.

ಬದಲಿ ನಂಬರುಗಳನ್ನು ಕಂಪ್ಯೂಟರಿಗೆ ಹಾಕುವಾಗಲೂ ಎಚ್ಚರ ಬೇಕು. -003 ಅನ್ನು -001ರ ಜಾಗದಲ್ಲಿ ಹಾಕಬಹುದು ಎಂದ ಮಾತ್ರಕ್ಕೆ ಉಲ್ಟಾ ಹಾಕಬಹುದು ಎಂದಲ್ಲ. ಐಪಿಸಿಯಲ್ಲಿ (ಬಿಡಿಭಾಗಗಳ ಸಚಿತ್ರ ಪಟ್ಟಿ) ಆ ವಿಮಾನದ ಎಂಎಸ್‌ಎನ್‌ಗೆ (ತಯಾರಕರು ಕೊಟ್ಟ ಕ್ರಮಸಂಖ್ಯೆ) ಅದು ಅನ್ವಯಿಸುತ್ತದೆಯೇ ಎಂದೂ ನೋಡಬೇಕು.

ಎಣಿಕೆ ವರ್ಷಕ್ಕೊಮ್ಮೆ ಎಲ್ಲ ಒಟ್ಟಿಗೆ ಮಾಡುವುದಿಲ್ಲ, ದಿನಕ್ಕೆ 20 ಖಾನೆ, ಪುಸ್ತಕದಲ್ಲಿ ಎಷ್ಟಿದೆ ಎಂದು ಎಣಿಸುವವರಿಗೆ ತಿಳಿಸದೆ. ಕಡಿಮೆ ಬಂದರೆ ಕೊಟ್ಟ ಚೀಟಿಗಳನ್ನು ಹುಡುಕುತ್ತೇವೆ, ಸಾಮಾನ್ಯವಾಗಿ ಸಿಗುತ್ತದೆ. ಹೆಚ್ಚು ಬಂದರೆ ಡಬ್ಬಿಯನ್ನೇ ಎತ್ತಿ ಕ್ವಾರಂಟೈನ್‌ಗೆ ಇಡುತ್ತೇವೆ. 50 ಇರಬೇಕಾದ ಕಡೆ 53 ಇದ್ದರೆ, ಕೆಲಸದಲ್ಲಿ ಮಿಕ್ಕಿದ ಮೂರು ಬೋಲ್ಟನ್ನು ಯಾರೋ ಕಣ್ಣಳತೆಯಲ್ಲಿ ಇಲ್ಲಿಗೇ ಸೇರಿದ್ದೆಂದು ಹಾಕಿ ಹೋಗಿದ್ದಾರೆ. 53ನ್ನೂ ಗೇಜ್ ಮಾಡಿದರೂ ಬ್ಯಾಚ್ ಯಾವುದೆಂದು ತಿಳಿಯುವುದಿಲ್ಲ, ಆದ್ದರಿಂದ ಡಬ್ಬಿ ಪೂರ್ತಿ ಸ್ಕ್ರ್ಯಾಪ್, ಬೋಲ್ಟಿನ ತಿರುಪಿನ ಎಳೆ ಕೆಡಿಸಿದ ಮೇಲೇ ಹೊರಕ್ಕೆ. ಹಿಂದಿನ ಚೀಲ ಅವತ್ತೇ ಮುಂದಕ್ಕೆ ಬರುತ್ತದೆ, ಕಾರ್ಡು ಅವತ್ತೇ ಖರೀದಿಗೆ ಹೋಗುತ್ತದೆ.